ಸ್ಟವ್ ಪಿನ್ನಿನ ದೇಶದಲ್ಲಿ ಬಿಚ್ಚಲಾಗದ ಫೋನು



ಸ್ವೀಡನ್ನಿನಲ್ಲಿ ನಾಲ್ಕು ಮನೆಯ ಕನ್ನಡದವರು ಒಂದು ಕಡೆ ಸೇರಿದರೆ ಮಾತು ಹವಾಮಾನದಿಂದ ಶುರುವಾಗಿ, ಬಾಡಿಗೆ ಮನೆಯ ಕಷ್ಟಕ್ಕೆ ಹೋಗಿ, ಊಟ ಮುಗಿಸಿ ಮಜ್ಜಿಗೆ ಕುಡಿಯುವ ಹೊತ್ತಿಗೆ ಯಾವುದಾದರೊಂದು ಯಂತ್ರದ ಮೇಲಿನ ದೂರಿಗೆ ಬಂದು ನಿಲ್ಲುತ್ತದೆ. ಒಬ್ಬರ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಇನ್ನೊಬ್ಬರ ಬಟ್ಟೆ ಒಗೆಯುವ ಯಂತ್ರ ಏನೋ ಒಂದು ಸಂಖ್ಯೆ ತೋರಿಸಿ ಸುಮ್ಮನೆ ನಿಂತಿದೆ. ಮತ್ತೊಬ್ಬರ ಕಿವಿಯ ಸ್ಪೀಕರು ಅವರ ಫೋನನ್ನು ಬಿಟ್ಟು ಮಗಳ ಟ್ಯಾಬ್ಲೆಟ್ಟಿಗೇ ಹೋಗಿ ಅಂಟಿಕೊಳ್ಳುತ್ತದೆ. ‘ರಿಪೇರಿಗೆ ಕೊಟ್ಟಿರಾ?’ ಎಂದು ಕೇಳಿದರೆ ಉತ್ತರ ನಿಮಗೂ ಗೊತ್ತು: ‘ರಿಪೇರಿಯ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತೆ ಅಂದ್ರು. ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ತೋರಿಸ್ತೀನಿ.’

ಸ್ಟಾಕ್‌ಹೋಮಿನಲ್ಲಿ ಕೆಟ್ಟ ಫೋನನ್ನು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೊತ್ತುಕೊಂಡು ಹೋಗುವುದು ನಮಗೆ ತಮಾಷೆ ಎಂದು ಕೂಡ ಅನ್ನಿಸುವುದಿಲ್ಲ, ಅಷ್ಟು ರೂಢಿಯಾಗಿದೆ. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಈ ದೇಶದ ಅತಿ ಹೆಸರುವಾಸಿ ಫೋನ್ ಕಂಪನಿ ಹುಟ್ಟಿದ್ದೇ ರಿಪೇರಿ ಅಂಗಡಿಯಾಗಿ. ಇವತ್ತು ನಿಮ್ಮ ಜತೆ ಹೇಳಿಕೊಳ್ಳಬೇಕು ಎಂದುಕೊಂಡಿರುವುದು ಆ ಕಥೆಯನ್ನು, ಅದರ ಜತೆಗೆ ನಮ್ಮ ಅಜ್ಜಿಯರ ಅಡುಗೆಮನೆಗೆ ಇಲ್ಲಿಂದ ಬಂದ ಒಂದು ವಸ್ತುವಿನ ಕಥೆಯನ್ನು.

1876ನೇ ಇಸವಿ. ಸ್ಟಾಕ್‌ಹೋಮಿನ ಡ್ರಾಟ್ನಿಂಗ್‌ಗಾಟನ್ ನಿಮಗೆಲ್ಲ ಗೊತ್ತು. ಇವತ್ತು ಬಟ್ಟೆ ಅಂಗಡಿ, ಐಸ್‌ಕ್ರೀಮ್ ಅಂಗಡಿಗಳ ನಡುವೆ ನಾವು ಊರಿಂದ ಬಂದ ನೆಂಟರನ್ನು ಕರೆದುಕೊಂಡು ಓಡಾಡುವ ಬೀದಿ. ಅದರ 15ನೇ ನಂಬರಿನ ಕಟ್ಟಡದಲ್ಲಿ ಒಂದು ಅಡುಗೆಕೋಣೆಯನ್ನು ಬಾಡಿಗೆಗೆ ಹಿಡಿದು ಲಾರ್ಸ್ ಮ್ಯಾಗ್ನಸ್ ಎರಿಕ್ಸನ್ ಎಂಬ 30 ವರ್ಷದ ಕುಶಲಕರ್ಮಿ, ತನ್ನ ಗೆಳೆಯ ಕಾರ್ಲ್ ಯೋಹಾನ್ ಆಂಡರ್ಸನ್ ಜತೆ ಟೆಲಿಗ್ರಾಫ್ ಉಪಕರಣಗಳನ್ನು ದುರಸ್ತಿ ಮಾಡುವ ಕೆಲಸ ಶುರು ಮಾಡಿದ. ಬಂಡವಾಳ ಸಾಲದ್ದು. ಮುಂದೆ ಟೆಲಿಫೋನ್ ಬಂದಾಗ ಅದರ ತಂತಿಸುರುಳಿಗಳಿಗೆ ರೇಷ್ಮೆ ಎಳೆ ಸುತ್ತುವ ಕೆಲಸಕ್ಕೆ ಹೆಂಡತಿ ಹಿಲ್ಡಾ ಕೂಡ ಕೈಜೋಡಿಸಿದಳು. ನಮ್ಮ ಕಡೆ ಗಂಡ ರೇಡಿಯೋ ರಿಪೇರಿ ಇಟ್ಟರೆ ಹೆಂಡತಿ ಲೆಕ್ಕ ನೋಡಿಕೊಳ್ಳುವ ಅಂಗಡಿಗಳಿರುತ್ತಿದ್ದವಲ್ಲ, ಹಾಗೇ.

ಅದೇ 1876ರಲ್ಲಿ ಅಮೆರಿಕದಲ್ಲಿ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದಿದ್ದ. ಸ್ವಲ್ಪ ದಿನದಲ್ಲೇ ಬೆಲ್‌ನ ಫೋನುಗಳೂ ಜರ್ಮನಿಯ ಸೀಮೆನ್ಸ್ ಫೋನುಗಳೂ ಸ್ಟಾಕ್‌ಹೋಮಿಗೆ ಬಂದವು, ಕೆಟ್ಟವು, ಎರಿಕ್ಸನ್ನನ ಮೇಜಿನ ಮೇಲೆ ಬಂದು ಕೂತವು. ಆತ ತಿರುಪು ಬಿಚ್ಚಿದ, ಒಳಗೆ ನೋಡಿದ, ಸರಿಮಾಡಿದ. ಇನ್ನೂ ಚೆನ್ನಾಗಿ ಮಾಡಬಹುದು ಅನ್ನಿಸಿತು. ಬೆಲ್ ತನ್ನ ಯಂತ್ರಕ್ಕೆ ಸ್ವೀಡನ್ನಿನಲ್ಲಿ ಪೇಟೆಂಟ್ ತೆಗೆದುಕೊಂಡಿರಲಿಲ್ಲ. ಹಾಗಾಗಿ 1878ರಲ್ಲಿ ಎರಿಕ್ಸನ್ ತನ್ನದೇ ಫೋನು ಮಾಡಿ ಮಾರಿದಾಗ ತಡೆಯುವವರು ಯಾರೂ ಇರಲಿಲ್ಲ. ಮುಂದೆ ನಮ್ಮಲ್ಲಿ ಎಷ್ಟೋ ಜನರನ್ನು ಈ ದೇಶಕ್ಕೆ, ‘ಕಿಸ್ತಾ’ ಎಂದು ಬರೆದು ‘ಶೀಸ್ತಾ’ ಎಂದು ಓದುವ ಆ ಬಡಾವಣೆಗೆ ಕರೆತಂದ ಕಂಪನಿಯ ಬುಡದಲ್ಲಿ ಇರುವುದು ಇಷ್ಟೇ: ಒಂದು ಮೇಜು, ಒಂದು ತಿರುಪುಳಿ, ಬೇರೆಯವರ ಯಂತ್ರವನ್ನು ಬಿಚ್ಚಿ ನೋಡಲು ಸಿಕ್ಕ ಅವಕಾಶ.

ದೂರು ಹೇಳುವವರೂ ಆಗಲೇ ಇದ್ದರು. 1880ರಲ್ಲಿ ಬೆಲ್ ಕಂಪನಿ ಸ್ಟಾಕ್‌ಹೋಮಿನಲ್ಲಿ ಟೆಲಿಫೋನ್ ಜಾಲ ತೆರೆಯಿತು. ವರ್ಷಕ್ಕೆ 160ರಿಂದ 280 ಕ್ರೋನ ಬಾಡಿಗೆ. ಆ ಕಾಲಕ್ಕೆ ಅದು ಶ್ರೀಮಂತರ ಆಟಿಕೆ. ಇದು ದುಬಾರಿಯಾಯಿತು ಎಂದು ಸಿಟ್ಟಾದವರಲ್ಲಿ ಹೆನ್ರಿಕ್ ಟೋರೆ ಸೆಡರ್‌ಗ್ರೆನ್ ಎಂಬ ಎಂಜಿನಿಯರ್ ಒಬ್ಬ. ಆತ ದೂರು ಹೇಳಿ ಸುಮ್ಮನಾಗಲಿಲ್ಲ. 1883ರಲ್ಲಿ ತಾನೇ ಒಂದು ಟೆಲಿಫೋನ್ ಕಂಪನಿ ಕಟ್ಟಿ, ಎರಿಕ್ಸನ್ನನ ಯಂತ್ರಗಳನ್ನು ಹಾಕಿ, ದರ ಇಳಿಸಿದ. ಸ್ಟಾಕ್‌ಹೋಮಿನ ಮನೆಮನೆಗೂ ಫೋನು ಮುಟ್ಟಿಸಬೇಕು ಎನ್ನುವುದು ಅವನ ಹಟ. 1880ರ ದಶಕದ ಮಧ್ಯಕ್ಕೆ ಸ್ಟಾಕ್‌ಹೋಮ್ ಜಗತ್ತಿನಲ್ಲೇ ಅತಿ ಹೆಚ್ಚು ಟೆಲಿಫೋನುಗಳಿರುವ ಊರುಗಳ ಸಾಲಿಗೆ ಸೇರಿತು. ತಂತಿಗಳನ್ನೆಲ್ಲ ಮಾಲ್ಮ್‌ಶಿಲ್ನಾಡ್ಸ್‌ಗಾಟನ್ ಮೇಲೆ 1887ರಲ್ಲಿ ಎದ್ದ ಒಂದು ಕಬ್ಬಿಣದ ಗೋಪುರಕ್ಕೆ ತಂದು ಕಟ್ಟಿದರು. ಐದು ಸಾವಿರಕ್ಕೂ ಹೆಚ್ಚು ತಂತಿಗಳು ಅಲ್ಲಿಂದ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಹಳೆಯ ಫೋಟೋಗಳಲ್ಲಿ ನೋಡಿ, ಊರಿನ ನೆತ್ತಿಯ ಮೇಲೆ ಯಾರೋ ನೂಲು ಹಾಸಿದ ಹಾಗಿದೆ. ವಿಕಾರವಾಗಿದೆ ಎಂದು ಜನ ಗೊಣಗಿದರು, ನಾಲ್ಕು ಮೂಲೆಗೆ ನಾಲ್ಕು ಅಲಂಕಾರದ ಶಿಖರ ಕೂರಿಸಿದರು. ತಂತಿಗಳು ನೆಲದೊಳಗೆ ಹೋದ ಮೇಲೆ 1913ರಲ್ಲಿ ಗೋಪುರಕ್ಕೆ ಕೆಲಸ ತಪ್ಪಿತು. 1952ರಲ್ಲಿ ಬೆಂಕಿ ಬಿದ್ದು, ಮರುವರ್ಷ ಕೆಡವಿಹಾಕಿದರು.

ಆದರೆ ಅಗ್ಗವಾಯಿತು ಎಂದರೆ ಸುಖವಾಯಿತು ಎಂದಲ್ಲ. ಸೆಡರ್‌ಗ್ರೆನ್ನನ ‘ಆಲ್ಮೆನ್ನ’ ಕಂಪನಿ ಬೆಲ್‌ನ ಜಾಲವನ್ನು ನುಂಗಿಕೊಂಡಿತು. ಅತ್ತ ಸರ್ಕಾರ ತನ್ನದೇ ‘ರಿಕ್ಸ್’ ಟೆಲಿಫೋನನ್ನು ಎಳೆಯಿತು. ಎರಡು ಜಾಲಗಳ ನಡುವೆ ಜಗಳ, ಇದರಿಂದ ಅದಕ್ಕೆ ಮಾತಾಡಲು ಆಗದು. ಹಾಗಾಗಿ ಅಂಗಡಿಯವರು, ವೈದ್ಯರು, ವಕೀಲರು ಗೋಡೆಗೆ ಎರಡೆರಡು ಫೋನು ಹಾಕಿಸಿಕೊಂಡರು. ಆ ಕಾಲದ ಜಾಹೀರಾತುಗಳಲ್ಲಿ ಎ.ಟಿ. ಇಷ್ಟು, ಆರ್.ಟಿ. ಇಷ್ಟು ಎಂದು ಎರಡು ನಂಬರು ಅಚ್ಚಾಗಿರುತ್ತಿದ್ದವು. 1918ರಲ್ಲಿ ಸರ್ಕಾರ ಆಲ್ಮೆನ್ನವನ್ನು ಕೊಂಡುಕೊಂಡ ಮೇಲೆ ಈ ತಾಪತ್ರಯ ಮುಗಿಯಿತು. ಊರಿನ ಅಮ್ಮನಿಗೊಂದು ಆ್ಯಪ್, ಆಫೀಸಿಗೊಂದು, ಮಕ್ಕಳ ಶಾಲೆಗೊಂದು, ಕ್ರಿಕೆಟ್ ಟೀಮಿಗೊಂದು ಇಟ್ಟುಕೊಂಡು ಯಾವುದರಲ್ಲಿ ಯಾರಿಗೆ ಉತ್ತರ ಕೊಡಬೇಕಿತ್ತು ಎಂದು ಹುಡುಕುವ ನಾವು ಆ ವೈದ್ಯರಿಗಿಂತ ಮುಂದೆ ಬಂದಿದ್ದೇವೆ ಎಂದು ನನಗೇನೂ ಅನ್ನಿಸುವುದಿಲ್ಲ.

ಈಗ ಅಡುಗೆಮನೆಗೆ ಬನ್ನಿ.

ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಸ್ಟಾಕ್‌ಹೋಮಿನಲ್ಲಿ ಒಂದು ಸೀಮೆಎಣ್ಣೆ ಒಲೆ ಮಾಡಿದ. ಬತ್ತಿಯಿಲ್ಲ, ಮಸಿಯಿಲ್ಲ. ಹಿತ್ತಾಳೆಯ ತೊಟ್ಟಿಗೆ ಗಾಳಿ ಒತ್ತಿದರೆ ಎಣ್ಣೆ ಮೇಲೇರಿ, ಬಿಸಿ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿ ನೀಲಿಯಾಗಿ ಉರಿಯುತ್ತದೆ. ಹೆಸರು ಪ್ರೈಮಸ್. ಇಷ್ಟು ಹೇಳಿದರೆ ಸಾಕು, ಐವತ್ತು ದಾಟಿದವರಿಗೆ ಆ ‘ಭರ್ರ್’ ಎನ್ನುವ ಸದ್ದು ಕಿವಿಯಲ್ಲಿ ಕೇಳಿರುತ್ತದೆ. ದಕ್ಷಿಣ ಧ್ರುವಕ್ಕೆ ಹೋದ ಅಮುಂಡ್‌ಸೆನ್ ಹೊತ್ತೊಯ್ದದ್ದು ಇದನ್ನೇ. 1953ರಲ್ಲಿ ತೇನ್‌ಸಿಂಗ್, ಹಿಲರಿ ಎವರೆಸ್ಟ್ ಮೇಲೆ ಹಿಮ ಕರಗಿಸಿ ಕುಡಿದದ್ದೂ ಇದರಿಂದಲೇ. ಆದರೆ ಅವರಿಗಿಂತ ಹೆಚ್ಚು ಸಲ ಅದನ್ನು ಹೊತ್ತಿಸಿದವರು ಬಸವನಗುಡಿಯ, ಧಾರವಾಡದ, ಶಿವಮೊಗ್ಗದ ಹೆಂಗಸರು. ಆಮೇಲೆ ನಮ್ಮಲ್ಲೇ ತಯಾರಾದ ಪಂಪ್ ಸ್ಟವ್ವುಗಳಿಗೂ ಎಷ್ಟೋ ಮನೆಗಳಲ್ಲಿ ಪ್ರೈಮಸ್ ಎಂದೇ ಹೆಸರು ನಿಂತಿತು.

ಅದನ್ನು ಹೊತ್ತಿಸುವ ವಿಧಾನ ನೆನಪಿದೆಯೇ? ಬರ್ನರಿನ ಕೆಳಗಿನ ಬಟ್ಟಲಿಗೆ ಸ್ವಲ್ಪ ಸ್ಪಿರಿಟ್ಟೋ ಸೀಮೆಎಣ್ಣೆಯೋ ಸುರಿದು ಹೊತ್ತಿಸಬೇಕು. ಅದು ಉರಿದು ಬರ್ನರು ಕಾಯುವ ತನಕ ಕಾಯಬೇಕು. ಅವಸರ ಮಾಡಿದರೆ ಹಳದಿ ಜ್ವಾಲೆ ಎದ್ದು ಗೋಡೆ ಕಪ್ಪಾಗುತ್ತಿತ್ತು. ಗಾಳಿಯ ತಿರುಪು ಬಿಗಿಮಾಡಿ ಪಂಪು ಹೊಡೆಯಬೇಕು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ತೂತು ಕಟ್ಟಿಕೊಂಡು ಉರಿ ಸಣ್ಣಗಾಗುತ್ತಿತ್ತು. ಆಗ ಪಿನ್ನು ಬೇಕು. ತಗಡಿನ ಹಿಡಿ, ತುದಿಯಲ್ಲಿ ಕೂದಲೆಳೆಯಂಥ ತಂತಿ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುತ್ತಿದ್ದ ವಸ್ತು ಅದು. ‘ಪಿನ್ನೆಲ್ಲಿ?’ ಎಂಬ ಕೂಗು ಕೇಳದ ಮುಂಜಾನೆಯೇ ಇರಲಿಲ್ಲ. ಶೆಟ್ಟರ ಅಂಗಡಿಯಲ್ಲಿ ಕೆಲವು ಪೈಸೆಗೆ ಸಿಗುತ್ತಿತ್ತು. ಪಂಪು ಗಾಳಿ ಹಿಡಿಯದಿದ್ದರೆ ಚರ್ಮದ ವಾಷರಿಗೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ. ಅದಕ್ಕೂ ಬಗ್ಗದಿದ್ದರೆ ‘ಸ್ಟವ್ ರಿಪೇರೀ…’ ಎಂದು ಬೀದಿಯಲ್ಲಿ ಕೂಗುತ್ತ ಬರುವವನು ಜಗಲಿಯ ಮೇಲೇ ಕೂತು ನಿಪ್ಪಲ್ ಬದಲಾಯಿಸಿ, ಬೆಸುಗೆ ಹಾಕಿ ಕೊಟ್ಟುಹೋಗುತ್ತಿದ್ದ.

ನಮ್ಮ ಅಜ್ಜಿಯರು ಈ ಒಲೆಯನ್ನು ಬೈದಷ್ಟು ನಾವು ಫೋನನ್ನು ಬೈದಿಲ್ಲ. ಆದರೂ ಒಂದು ವ್ಯತ್ಯಾಸವಿತ್ತು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೂ ಅದರ ಒಳಗೆ ಏನಿದೆ, ಎಲ್ಲಿ ಕಟ್ಟಿಕೊಂಡಿದೆ, ಯಾವುದನ್ನು ತಿರುಗಿಸಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಬೈಗುಳದ ಜತೆಗೆ ಕೈಯಲ್ಲಿ ಪಿನ್ನೂ ಇತ್ತು.

ಈ ಒಲೆಯನ್ನು ಜಗತ್ತಿಗೆಲ್ಲ ಮಾರಿದ್ದು ಬಿ.ಎ. ಯೋರ್ಟ್ ಎಂಬ ಸ್ಟಾಕ್‌ಹೋಮಿನ ವ್ಯಾಪಾರಿ ಸಂಸ್ಥೆ. ಎನ್‌ಶಾಪಿಂಗ್ ಊರಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ ಎಂಬ ಕುಶಲಿ ಅದೇ 1892ರ ಸುಮಾರಿಗೆ ರೂಪಿಸಿದ ಅಡ್ಜಸ್ಟೆಬಲ್ ಸ್ಪ್ಯಾನರನ್ನು, ಅಂದರೆ ಹೆಬ್ಬೆರಳಲ್ಲಿ ತಿರುಪು ಉರುಳಿಸಿದರೆ ಬಾಯಿ ಅಗಲವಾಗುವ ಆ ಸ್ಪ್ಯಾನರನ್ನು ಮಾರಿದ್ದೂ ಅವರೇ. ‘ಬಾಹ್ಕೊ’ ಎಂದು ಉಪಕರಣಗಳ ಮೇಲೆ ಈಗಲೂ ಕಾಣುವ ಹೆಸರು ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಆದದ್ದು. ಡ್ಯಾನಿಷ್ ಭಾಷೆಯಲ್ಲಿ ಆ ಸ್ಪ್ಯಾನರಿಗೆ ‘ಸ್ವೀಡನ್ನಿನ ಕೀಲಿ’ ಎಂಬ ಹೆಸರೇ ಇದೆ. ನನಗೆ ತುಂಬ ಇಷ್ಟವಾದ ಸಂಗತಿ ಇದು. ಯಂತ್ರ ಮಾರಿದವರೇ ಅದರ ನಟ್ಟು ಬಿಚ್ಚುವ ಸಾಧನವನ್ನೂ ಮಾರಿದರು.

ಒಲೆಯ ಬಗ್ಗೆ ಹೇಳಿ ಇದೊಂದನ್ನು ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ದಶಕಗಳ ಕಾಲ ಬಂತು. ನಿಜವಾಗಿ ಸಿಡಿದ ಒಲೆಗಳೂ ಇದ್ದವು. ಆದರೆ ಸಾಯುತ್ತಿದ್ದವಳು ಯಾವಾಗಲೂ ಮನೆಯ ಸೊಸೆಯೇ ಏಕೆ ಎಂದು ಕೇಳಿದವರು ಹೆಣ್ಣುಮಕ್ಕಳ ಸಂಘಟನೆಗಳು. ಬೆಂಗಳೂರಿನಲ್ಲಿ ‘ವಿಮೋಚನಾ’ದವರು 1990ರ ದಶಕದಲ್ಲಿ ಇಂಥ ಸಾವುಗಳ ಬೆನ್ನು ಹತ್ತಿ ದಾಖಲೆ ಮಾಡಿದರು. ವರದಕ್ಷಿಣೆ ಸಾವಿಗೆಂದೇ ದಂಡಸಂಹಿತೆಗೆ 304ಬಿ ಸೇರಿದ್ದು 1986ರಲ್ಲಿ. ಯಂತ್ರದ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ, ಯಾರಿಗೆ ಅನುಕೂಲ ಎಂಬುದನ್ನು ಆ ಹಿತ್ತಾಳೆ ಒಲೆಯಷ್ಟು ಕಂಡದ್ದು ಬೇರೊಂದಿಲ್ಲ.

ಮತ್ತೆ ಸ್ವೀಡನ್ನಿಗೆ. ಇಲ್ಲಿನವರು ಗೊಣಗಾಟವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದರು ಎನ್ನಬೇಕು. 1944ರಲ್ಲಿ ‘ಗೃಹ ಸಂಶೋಧನಾ ಸಂಸ್ಥೆ’ ಎಂಬುದೊಂದು ಶುರುವಾಗಿ, ಹೆಂಗಸರು ಪಾತ್ರೆ ತೊಳೆಯುವಾಗ ಎಷ್ಟು ಬಗ್ಗುತ್ತಾರೆ, ಯಾವ ಪಾತ್ರೆಯ ಹಿಡಿ ಸುಡುತ್ತದೆ, ಯಾವ ಚಾಕು ಬೇಗ ಮೊಂಡಾಗುತ್ತದೆ ಎಂದು ಅಳೆದು ನೋಡಿತು. ನಿಮ್ಮ ಬಾಡಿಗೆ ಮನೆಯ ಅಡುಗೆಕಟ್ಟೆಯ ಎತ್ತರ, ಕಪಾಟುಗಳ ಅಳತೆ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರ ಹಿಂದೆ ಆ ಅಳತೆಗಳಿವೆ. 1957ರಲ್ಲಿ ಅದು ಸರ್ಕಾರದ ಸಂಸ್ಥೆಯಾಯಿತು, 1973ರಲ್ಲಿ ಕೊನ್ಸುಮೆಂಟ್‌ವೆರ್ಕೆಟ್ ಎಂಬ ಗ್ರಾಹಕ ಇಲಾಖೆ ಬಂತು. ಗ್ರಾಹಕರ ದೂರು ಕೇಳಿ ತೀರ್ಮಾನ ಹೇಳುವ ಮಂಡಳಿ, ಎ.ಆರ್.ಎನ್. ಎಂದು ಕರೆಯುತ್ತಾರಲ್ಲ, ಅದು 1968ರದು. ನಮ್ಮಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ.

ಇದರಲ್ಲಿ ನಿಮಗೆ ನೇರವಾಗಿ ಬೇಕಾದ ಮಾತೊಂದಿದೆ. ಅಂಗಡಿಯವರು ‘ಗ್ಯಾರಂಟಿ ಒಂದು ವರ್ಷ, ಅದು ಮುಗಿದಿದೆ’ ಎಂದ ಕೂಡಲೇ ನಮ್ಮವರು ತಲೆಯಾಡಿಸಿ ಹೊರಗೆ ಬರುತ್ತಾರೆ. ಗ್ಯಾರಂಟಿ ಅಂಗಡಿಯವರ ಅಥವಾ ತಯಾರಕರ ಮಾತು, ಅದು ಬೇರೆ. ಕಾನೂನು ಕೊಟ್ಟಿರುವ ‘ರೆಕ್ಲಮಾಶೋನ್’ ಹಕ್ಕು ಮೂರು ವರ್ಷ. ವಸ್ತು ಕೊಳ್ಳುವಾಗಲೇ ಅದರಲ್ಲಿ ದೋಷವಿತ್ತು ಎಂದಾದರೆ ಮಾರಿದವರು ಸರಿಮಾಡಿಕೊಡಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯ ಪ್ರಕಾರ ಮೊದಲ ಎರಡು ವರ್ಷ, ಆ ದೋಷ ನಿಮ್ಮಿಂದ ಆಯಿತು ಎಂದು ತೋರಿಸುವ ಹೊಣೆ ಮಾರಿದವರದೇ. ಮೊದಲು ಇದು ಆರೇ ತಿಂಗಳಿತ್ತು. ನನ್ನ ಒಂದು ಫೋನು ಹದಿನಾಲ್ಕನೇ ತಿಂಗಳಿಗೆ ಚಾರ್ಜ್ ಹಿಡಿಯುವುದನ್ನು ಬಿಟ್ಟಾಗ ಅಂಗಡಿಯ ಹುಡುಗ ನಗುನಗುತ್ತ ಹೊಸ ಮಾಡೆಲ್ ತೋರಿಸಿದ. ರೆಕ್ಲಮಾಶೋನ್ ಎಂಬ ಆ ಒಂದು ಪದ ಬಾಯಿಂದ ಬಂದ ಮೇಲೆ ಒಳಗಿನಿಂದ ಒಂದು ಫಾರಂ ಬಂತು. ಬಿಲ್ಲು ಎತ್ತಿಡಿ, ದೋಷ ಕಂಡ ಎರಡು ತಿಂಗಳೊಳಗೆ ತಿಳಿಸಿ, ಬರೆದು ತಿಳಿಸಿ.

ಇದೆಲ್ಲ ಬರಿಯ ದುಡ್ಡಿನ ಮಾತಲ್ಲ. ಈ ದೇಶದಲ್ಲಿ ಫೋನು ಎಂದರೆ ಈಗ ಮನೆಬಾಗಿಲ ಕೀಲಿ ಇದ್ದ ಹಾಗೆ. 1947ರಲ್ಲಿ ಎಲ್ಲರಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟರು, 2003ರಲ್ಲಿ ಬ್ಯಾಂಕುಗಳು ಸೇರಿ ಬ್ಯಾಂಕ್‌ಐಡಿ ತಂದವು, 2012ರ ಕೊನೆಗೆ ಸ್ವಿಶ್ ಬಂತು. ಇವತ್ತು ವೈದ್ಯರ ಸಮಯ ಗೊತ್ತುಮಾಡಲು, ತೆರಿಗೆ ಲೆಕ್ಕ ಒಪ್ಪಿಸಲು, ಮಗುವಿನ ಶಾಲೆಯ ಅರ್ಜಿ ತುಂಬಲು ಅದೇ ಬೇಕು. ಹೊಸದಾಗಿ ಬಂದವರು ಗುರುತಿನ ಸಂಖ್ಯೆ ಬರುವ ತನಕ ವಾರಗಟ್ಟಲೆ ಬಾಗಿಲ ಹೊರಗೆ ನಿಂತಂತೆ ಬದುಕುತ್ತಾರೆ. ಬೇಸಿಗೆಗೆ ಮೂರು ತಿಂಗಳು ಬರುವ ಅಪ್ಪ ಅಮ್ಮನ ಪಾಡು ಇನ್ನೂ ಬೇರೆ. ಲೊಪ್ಪಿಸ್ ಸಂತೆಯಲ್ಲಿ ಹತ್ತು ಕ್ರೋನದ ಹಿತ್ತಾಳೆ ದೀಪ ನೋಡಿ ಅಪ್ಪ ಖುಷಿಯಿಂದ ನೋಟು ಚಾಚಿದರೆ ಆ ಕಡೆಯವರು ಸ್ವಿಶ್ ನಂಬರು ಬರೆದ ರಟ್ಟು ತೋರಿಸುತ್ತಾರೆ. ಯುರೋಪಿನಲ್ಲಿ ಮೊಟ್ಟಮೊದಲು, 1661ರಲ್ಲಿ, ಕಾಗದದ ನೋಟು ಅಚ್ಚುಹಾಕಿದ ದೇಶ ಇದು ಎಂದು ಹೇಳಿದರೆ ಅವರು ನಂಬುವುದಿಲ್ಲ. ಇಂಥಲ್ಲಿ ಒಂದು ಬ್ಯಾಟರಿ ಸತ್ತರೆ ಸಾಯುವುದು ಬ್ಯಾಟರಿ ಮಾತ್ರವಲ್ಲ.

ಹಾಗಿದ್ದೂ ಆ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಕೂರಿಸಿದ್ದಾರೆ. ಮೊದಲು ಉಗುರಿನಿಂದ ಹಿಂಬದಿ ಎಬ್ಬಿಸಿ ಬ್ಯಾಟರಿ ತೆಗೆದು, ಎರಡು ಸಲ ಊದಿ, ಮತ್ತೆ ಹಾಕುತ್ತಿದ್ದೆವಲ್ಲ! ತೆಳ್ಳಗಾಗಲಿ, ನೀರು ನುಗ್ಗದಿರಲಿ ಎಂದು ಅಂಟು ಬಂತು ಎನ್ನುತ್ತಾರೆ. ಒಪ್ಪೋಣ. ಆದರೆ ಆ ಅಂಟಿನಿಂದ ಹೊಸ ಫೋನುಗಳ ವ್ಯಾಪಾರವೂ ಹೆಚ್ಚಿತು ಎನ್ನುವುದಕ್ಕೆ ಸಂಶೋಧನೆ ಬೇಕಾಗಿಲ್ಲ. ಕೆಲವು ಫೋನುಗಳಲ್ಲಂತೂ ಅಸಲಿ ಭಾಗವನ್ನೇ ಹಾಕಿದರೂ ಕಂಪನಿಯ ಸಾಫ್ಟ್‌ವೇರ್ ಒಪ್ಪಿಗೆ ಕೊಡುವ ತನಕ ‘ಈ ಭಾಗ ಅಪರಿಚಿತ’ ಎಂದು ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಎರಿಕ್ಸನ್ನನ ಮೇಜಿನ ಮೇಲೆ ಬೆಲ್‌ನ ಫೋನು ಹೀಗೆ ಹಟ ಹಿಡಿದಿದ್ದರೆ ಕಿಸ್ತಾದಲ್ಲಿ ಇವತ್ತು ಏನಿರುತ್ತಿತ್ತೋ.

ಸರ್ಕಾರ ಸುಮ್ಮನೆ ಕೂತಿಲ್ಲ, ಆದರೆ ತೂಗುಯ್ಯಾಲೆಯಾಡುತ್ತಿದೆ. 2017ರಲ್ಲಿ ಸೈಕಲ್, ಚಪ್ಪಲಿ, ಬಟ್ಟೆಗಳ ರಿಪೇರಿಯ ಮೇಲಿನ ತೆರಿಗೆಯನ್ನು 25ರಿಂದ 12 ಪ್ರತಿಶತಕ್ಕೆ ಇಳಿಸಿದರು. 2022ರಲ್ಲಿ ಅದನ್ನು 6 ಮಾಡಿ, ಮರುವರ್ಷವೇ ಮತ್ತೆ 12ಕ್ಕೆ ಏರಿಸಿದರು. ಮನೆಗೆ ಬಂದು ಫ್ರಿಜ್ಜು, ವಾಷಿಂಗ್ ಮೆಷಿನ್ ಸರಿಮಾಡಿದರೆ ಕೂಲಿಯ ಅರ್ಧದಷ್ಟು ರಿಯಾಯಿತಿಯನ್ನೂ 2017ರಲ್ಲೇ ತಂದರು. ನೀವು ಗಮನಿಸಿರಬಹುದು, ಈ ಪಟ್ಟಿಯಲ್ಲಿ ಚಪ್ಪಲಿ ಇದೆ, ಫೋನಿಲ್ಲ. ಸುರಂಗ ರೈಲು ನಿಲ್ದಾಣಗಳ ಬಳಿ ಒಂದು ಬೆಂಚು, ಒಂದು ದೀಪ ಇಟ್ಟುಕೊಂಡು ಫೋನಿನ ಗಾಜು ಬದಲಾಯಿಸುವವರಿದ್ದಾರಲ್ಲ, ನಾನು ಕಂಡವರಲ್ಲಿ ಬಹುಪಾಲು ನಮ್ಮಂತೆಯೇ ಹೊರಗಿನಿಂದ ಬಂದವರು. ಡ್ರಾಟ್ನಿಂಗ್‌ಗಾಟನ್ 15ರ ವಾರಸುದಾರರು ಎಂದರೆ ನನಗೆ ಅವರೇ.

ಇನ್ನು ಕಿವಿಯ ಸ್ಪೀಕರಿನ ದೂರಿಗೆ ಒಂದು ಮಾತು. ಬ್ಲೂಟೂತ್ ಕೂಡ ಇಲ್ಲಿಯದೇ, 1994ರಲ್ಲಿ ಲುಂಡ್ ಊರಿನ ಎರಿಕ್ಸನ್ ಕಚೇರಿಯಲ್ಲಿ ಮೊದಲಾದದ್ದು. ಹೆಸರು ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ನೀಲಿಹಲ್ಲಿನ ಹೆರಾಲ್ಡನದು. ಸೂಚಿಸಿದವನು ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್. ಚೂರುಚೂರಾಗಿದ್ದ ಪಂಗಡಗಳನ್ನು ಒಂದುಗೂಡಿಸಿದ ದೊರೆ, ಹಾಗೆಯೇ ಇದು ಯಂತ್ರಗಳನ್ನು ಒಂದುಗೂಡಿಸಲಿ ಎಂಬ ಆಸೆ. ಆ ಚಿಹ್ನೆ ಅವನ ಹೆಸರಿನ ಎರಡು ರೂನ್ ಅಕ್ಷರಗಳ ಜೋಡಣೆ. ನಿಮ್ಮ ಸ್ಪೀಕರು ಮಗಳ ಟ್ಯಾಬ್ಲೆಟ್ಟಿಗೆ ಹೋಗಿ ಸೇರಿದಾಗ ಹೆರಾಲ್ಡನನ್ನು ಬೈಯಬೇಡಿ. ಅವನ ಮಗನೇ ಅವನ ಮೇಲೆ ತಿರುಗಿಬಿದ್ದಿದ್ದ.

ಈಗ ಯುರೋಪಿನ ಕಾನೂನು ಮತ್ತೆ ತಿರುಪುಳಿಯ ಕಡೆ ನೋಡುತ್ತಿದೆ. 2024ರ ಡಿಸೆಂಬರಿನಿಂದ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಬಾಯಿ. 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಆ ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಐದು ವರ್ಷ ಸಾಫ್ಟ್‌ವೇರ್ ಪರಿಷ್ಕರಣೆ ಸಿಗಬೇಕು. 2027ರ ಫೆಬ್ರುವರಿಯಿಂದ ಸಣ್ಣ ಯಂತ್ರಗಳ ಬ್ಯಾಟರಿಯನ್ನು ಬಳಸುವವರೇ, ಅಂಗಡಿಯಲ್ಲಿ ಸಿಗುವ ಮಾಮೂಲು ಉಪಕರಣದಿಂದ, ತೆಗೆದು ಹಾಕುವಂತಿರಬೇಕು. ಫೋನಿಗೆ ಮಾತ್ರ ಒಂದು ಸಂದು ಬಿಟ್ಟಿದ್ದಾರೆ: ಬ್ಯಾಟರಿ ಸಾವಿರ ಸಲ ಚಾರ್ಜ್ ಆದ ಮೇಲೂ ಎಂಬತ್ತು ಪ್ರತಿಶತ ಶಕ್ತಿ ಉಳಿಸಿಕೊಂಡು, ಫೋನು ನೀರಿಗೂ ಜಗ್ಗದಿದ್ದರೆ ಅದನ್ನು ಕುಶಲಿಗಳೇ ಬಿಚ್ಚಿದರೆ ಸಾಕು. ಆ ಸಂದಿನಲ್ಲಿ ಎಷ್ಟು ಕಂಪನಿಗಳು ನುಸುಳುತ್ತವೆ ನೋಡಬೇಕು. ಮುಂದಿನ ಸಲ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಎಂದು ಕೇಳುವ ಮೊದಲು ಇದನ್ನು ಬಿಚ್ಚಲು ಏನು ಬೇಕು ಎಂದು ಕೇಳಿ. ಅಂಗಡಿಯ ಹುಡುಗ ಏನು ಹೇಳಿದ ಎಂದು ನಮಗೂ ಬರೆದು ತಿಳಿಸಿ.